ಜನತಾ ವಾಚಿನ ಬೆನ್ನೊಳಗಿನ ಗೀಚು

ತುಮಕೂರಿನ ನಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ ಎರಡು ಕೈಗಡಿಯಾರಗಳು ಅಕ್ಕಪಕ್ಕದಲ್ಲೇ ನಿಂತು ಹೋಗಿ ಬಿದ್ದಿದ್ದವು. ಒಂದು, 1983ರಲ್ಲಿ ಅಪ್ಪನ ಮದುವೆಯಲ್ಲಿ ಹೆಣ್ಣಿನ ಕಡೆಯವರು ಉಂಗುರದ ಜೊತೆಗೆ ಕೊಟ್ಟಿದ್ದ ಎಚ್‌ಎಂಟಿ ಜನತಾ. ಇನ್ನೊಂದು, ಅವರಿಗೆ ಅರವತ್ತೈದು ತುಂಬಿದಾಗ ನಾನು ಕೊಡಿಸಿದ್ದ ಸ್ಮಾರ್ಟ್‌ವಾಚ್. ಮೊದಲನೆಯದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದು, ಅಪ್ಪ ಮೇಷ್ಟರ ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ ಸರಿಯಾಗಿ ನಿಂತಿತ್ತು. ಎರಡನೆಯದು ಮೂರನೆಯ ವರ್ಷಕ್ಕೇ ಚಾರ್ಜ್ ಹಿಡಿಯುವುದನ್ನು ಬಿಟ್ಟಿತು. ಅದನ್ನು ಸರ್ವಿಸ್ ಸೆಂಟರಿಗೆ ಕೊಂಡೊಯ್ದಾಗ ಅಲ್ಲಿದ್ದ ಹುಡುಗ ಬಹಳ ವಿನಯದಿಂದ, "ಬ್ಯಾಟರಿ ಹಾಕಿಸೋ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಸದೇ ಬರುತ್ತೆ ಸಾರ್, ಎಕ್ಸ್‌ಚೇಂಜ್ ಆಫರ್ ಕೂಡ ಇದೆ" ಎಂದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೂ ನಾನು ಏನನ್ನೂ ಕೊಳ್ಳದೆ ಮನೆಗೆ ಬಂದು, ಎರಡನ್ನೂ ನಾನೇ ಬಿಚ್ಚಿ ನೋಡುವುದೆಂದು ನಿರ್ಧರಿಸಿದೆ. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ನನಗೆ ಮಿಕ್ಸಿ, ರೇಡಿಯೊ, ಇಸ್ತ್ರಿಪೆಟ್ಟಿಗೆಗಳ ಹೊಟ್ಟೆ ಹೊಸದಲ್ಲ; ಗಡಿಯಾರದ ಹೊಟ್ಟೆಯೊಳಗೆ ಮಾತ್ರ ಅಲ್ಲಿಯವರೆಗೆ ಕೈ ಹಾಕಿರಲಿಲ್ಲ.

ಸ್ಮಾರ್ಟ್‌ವಾಚಿನ ಕೆಲಸ ಒಂದೇ ಸಂಜೆಗೆ ಮುಗಿಯಿತು, ಏಕೆಂದರೆ ವಾಚೂ ಮುಗಿಯಿತು. ಅದರ ಮೈಮೇಲೆ ಹುಡುಕಿದರೂ ಒಂದು ಸ್ಕ್ರೂ ಸಿಗಲಿಲ್ಲ. ಮುಂದಿನ ಗಾಜನ್ನು ಗೋಂದಿನಿಂದ ಅಂಟಿಸಿದ್ದರು. ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡುತ್ತ, ಹಳೆಯ ಎಟಿಎಂ ಕಾರ್ಡನ್ನು ಅಂಚಿನಲ್ಲಿ ತೂರಿಸಿ, ಅರ್ಧ ಗಂಟೆ ತಾಳ್ಮೆಯಿಂದ ಎಬ್ಬಿಸಿದೆ. ಮುಕ್ಕಾಲು ಭಾಗ ಬಿಟ್ಟುಕೊಂಡ ಗಾಜು ಕೊನೆಯ ಮೂಲೆಯಲ್ಲಿ ಚಟ್ಟೆಂದು ಸೀಳಿತು. ಅದರ ಕೆಳಗಿದ್ದ ಕಾಗದದಷ್ಟು ತೆಳುವಾದ ರಿಬ್ಬನ್ ವೈರೂ ಹರಿಯಿತು. ಬ್ಯಾಟರಿ ಒಳಗೆ ಕಾಣಿಸುತ್ತಿತ್ತು. ಬೆರಳಿನ ಉಗುರಿನಷ್ಟು ಅಗಲದ ಆ ಬೆಳ್ಳಿ ಬಣ್ಣದ ದಿಂಬಿಗಾಗಿ ಉಳಿದದ್ದೆಲ್ಲವನ್ನೂ, ಅಂದರೆ ಸರಿಯಾಗಿದ್ದ ಪರದೆ, ಸರಿಯಾಗಿದ್ದ ಮೋಟಾರು, ಸರಿಯಾಗಿದ್ದ ಸೆನ್ಸಾರುಗಳನ್ನು ಕೆಡಿಸಿದಂತಾಯಿತು. ದೋಷ ನನ್ನ ಕೈಯದೂ ಇರಬಹುದು. ಆದರೆ ಸವೆಯುವುದು ಖಚಿತವಾಗಿರುವ ಒಂದೇ ಭಾಗವನ್ನು ಎಲ್ಲಕ್ಕಿಂತ ಒಳಗೆ ಕೂರಿಸಿ, ಬಾಗಿಲಿಗೆ ಗೋಂದು ಹಚ್ಚಿದ ಕೈ ನನ್ನದಲ್ಲ. ನಮ್ಮ ದೇಶದಲ್ಲಿ 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿಯನ್ನು ನೇಮಿಸಿದ್ದು ಸುದ್ದಿಯಾಗಿತ್ತು. ಆ ಸುದ್ದಿಯನ್ನು ಆಗ ಅಸಡ್ಡೆಯಿಂದ ಓದಿದ್ದ ನಾನು, ಸೀಳಿದ ಗಾಜನ್ನು ಹಿಡಿದು ಕೂತ ಆ ಸಂಜೆ ಮತ್ತೆ ಹುಡುಕಿ ಓದಿದೆ.

ಜನತಾದ ಕೆಲಸಕ್ಕೆ ಕೂತದ್ದು ಮುಂದಿನ ಭಾನುವಾರ. ನಡುಮನೆಯ ಮೇಜಿನ ಮೇಲೆ ಬಿಳಿಯ ಪಂಚೆ ಹಾಸಿ, ಅಂಚುಗಳನ್ನು ಮೇಲಕ್ಕೆ ಮಡಿಚಿ ತಟ್ಟೆಯಂತೆ ಮಾಡಿಕೊಂಡೆ; ಬಿದ್ದದ್ದು ನೆಲಕ್ಕೆ ಉರುಳಬಾರದು ಎಂಬುದು ಲೆಕ್ಕ. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಮೂರು ಸಣ್ಣ ಸ್ಕ್ರೂಡ್ರೈವರ್, ಎರಡು ಚಿಮುಟ, ಇಡ್ಲಿ ತಟ್ಟೆಯೊಂದು. ಇಡ್ಲಿ ತಟ್ಟೆಯ ಗುಳಿಗಳು ಬಿಚ್ಚಿದ ಭಾಗಗಳನ್ನು ಸರದಿಯಲ್ಲಿ ಇಡಲು ಎಷ್ಟು ಅನುಕೂಲವೆಂದರೆ, ಅಮ್ಮನ ಆಕ್ಷೇಪವನ್ನು ಲೆಕ್ಕಿಸದೆ ಕೆಲಸ ಮುಗಿಯುವವರೆಗೂ ಅದನ್ನು ಅಡುಗೆಮನೆಗೆ ಹಿಂದಿರುಗಿಸಲಿಲ್ಲ.

ಈ ವಾಚಿನ ಬೆನ್ನಿನ ಮುಚ್ಚಳ ಒತ್ತಿ ಕೂರಿಸುವ ಬಗೆಯದು. ಅಂಚಿನಲ್ಲೊಂದು ಸಣ್ಣ ಸಂದು ಇದೆ. ಮೊಂಡು ಚಾಕುವಿನ ತುದಿಯನ್ನು ಅಲ್ಲಿಟ್ಟು ತಿರುಗಿಸಿದರೆ ಟಪ್ಪೆಂದು ತೆರೆದುಕೊಳ್ಳುತ್ತದೆ. ತೆರೆಯಲೆಂದೇ ಮಾಡಿದ ಸಂದು ಅದು. ಮುಚ್ಚಳವನ್ನು ಬೋರಲಾಗಿಸಿ ಬೆಳಕಿಗೆ ಹಿಡಿದಾಗ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಬರಹಗಳು ಕಂಡವು. ಒಂದು ಕಡೆ "12.3.88", ಅದರ ಕೆಳಗೆ ಬೇರೆ ಕೈಯ ಓರೆ ಅಂಕಿಗಳಲ್ಲಿ "417", ಅಂಚಿನಲ್ಲಿ "ನಾ 9-96" ಮತ್ತು ನಾಲ್ಕನೆಯದೊಂದು ಓದಲಾಗದ ಸಹಿ. ಬಿಚ್ಚುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಅಪ್ಪನನ್ನು ಕರೆದು ತೋರಿಸಿದೆ. ಮೂವತ್ತು ವರ್ಷ ಮಣಿಕಟ್ಟಿಗೆ ಕಟ್ಟಿಕೊಂಡಿದ್ದರೂ ಅವರು ಇದನ್ನು ಎಂದೂ ನೋಡಿರಲಿಲ್ಲ. "ಎಂಬತ್ತೆಂಟರಲ್ಲಿ ಸಿದ್ಧಗಂಗೆ ಜಾತ್ರೆಯಲ್ಲಿ ಮಳೆಗೆ ಸಿಕ್ಕಿ ಒಳಗೆಲ್ಲ ಆವಿ ಕಟ್ಟಿತ್ತು, ಆಗ ಕೊಟ್ಟಿದ್ದೆ" ಎಂದಷ್ಟೇ ಹೇಳಿದರು. ಉಳಿದ ಮೂರು ಅವರಿಗೂ ನೆನಪಿಲ್ಲ.

ಇನ್ನು ಒಳಗಿನ ಯಂತ್ರದ ಮಾತು. ಜನತಾದಲ್ಲಿರುವುದು ಕೈಯಿಂದ ಕೀಲಿ ಕೊಡುವ, 0231 ಸಂಖ್ಯೆಯ, 17 ಜ್ಯುವೆಲ್‌ಗಳ ಯಂತ್ರ. ಇದು ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಟಿಕ್ ಎನ್ನುತ್ತದೆ. ದಿನಕ್ಕೆ 4,32,000 ಬಾರಿ. ಮೂವತ್ತು ವರ್ಷಕ್ಕೆ ಗುಣಿಸಿದರೆ ಸುಮಾರು 470 ಕೋಟಿ ಆಗುತ್ತದೆ. ಅಷ್ಟು ಬಾರಿ ತಿರುಗಿದ ಅಕ್ಷಗಳ ತುದಿಗಳು ಸವೆಯದೆ ಉಳಿದಿದ್ದರೆ ಅದಕ್ಕೆ ಕಾರಣ ಆ ಜ್ಯುವೆಲ್‌ಗಳು. ಒಡವೆಯಂಗಡಿಯ ಬೆಲೆ ಇವಕ್ಕಿಲ್ಲ. ಇವು ಕುಲುಮೆಯಲ್ಲಿ ಕೃತಕವಾಗಿ ಬೆಳೆಸಿದ ಕೆಂಪುಕಲ್ಲುಗಳು, ನಡುವೆ ಕೂದಲೆಳೆಯಂಥ ತೂತು, ಆ ತೂತಿನಲ್ಲಿ ಉಕ್ಕಿನ ಅಕ್ಷ. ಹದಿನೇಳು ಕಲ್ಲಿನ ವಾಚು ಎಂದು ಒಂದು ಕಾಲದಲ್ಲಿ ಬೀಗರ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದದ್ದು ಶೋಕಿಗಾದರೂ, ಕಲ್ಲುಗಳು ಮಾತ್ರ ಶೋಕಿಗೆ ಇದ್ದವಲ್ಲ.

ಬಿಚ್ಚುವಾಗ ಮೊದಲು ಮಾಡಬೇಕಾದದ್ದು ಮುಖ್ಯ ಸ್ಪ್ರಿಂಗಿನ ಬಿಗಿಯನ್ನು ಇಳಿಸುವುದು. ಕೀಲಿಯ ತಿರುಪನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಹಲ್ಲುಚಕ್ರಕ್ಕೆ ತಡೆಯಾಗಿ ನಿಂತಿರುವ ಕೊಕ್ಕೆಯನ್ನು ಚಿಮುಟದಿಂದ ಹಿಂದಕ್ಕೆ ಸರಿಸಿ, ತಿರುಪು ಬೆರಳ ನಡುವೆ ನಿಧಾನವಾಗಿ ಹಿಂದಕ್ಕೆ ಸುತ್ತಲು ಬಿಡಬೇಕು. ಇದನ್ನು ಮಾಡದೆ ಮುಂದಿನ ಸ್ಕ್ರೂ ಸಡಿಲಿಸಿದರೆ ಒಳಗಿರುವ ಬಲವೆಲ್ಲ ಒಂದೇ ಕ್ಷಣದಲ್ಲಿ ಚಕ್ರಗಳ ಹಲ್ಲಿನ ಮೇಲೆ ಹರಿಯುತ್ತದೆ. ನಂತರ ಮುಳ್ಳುಗಳನ್ನು ಎತ್ತಿದೆ, ಡಯಲಿನ ಕಾಲುಗಳನ್ನು ಹಿಡಿದಿದ್ದ ಪಕ್ಕದ ಎರಡು ಸ್ಕ್ರೂ ಸಡಿಲಿಸಿದೆ, ಆಮೇಲೆ ಅತ್ತಿತ್ತ ತೂಗುತ್ತ ವಾಚಿನ ಲಯ ಕಾಯುವ ಬ್ಯಾಲೆನ್ಸ್ ಚಕ್ರವನ್ನು ಅದರ ಹೇರ್‌ಸ್ಪ್ರಿಂಗ್ ಸಮೇತ ಎತ್ತಿದೆ. ಉಸಿರು ಬಿಟ್ಟರೂ ತೂಗಾಡುವ ಆ ಸುರುಳಿ ಒಮ್ಮೆ ಸೊಟ್ಟಗಾದರೆ ನನ್ನಂಥವನಿಂದ ನೇರವಾಗುವ ವಸ್ತುವಲ್ಲ. ಆ ಹತ್ತು ನಿಮಿಷ ಫ್ಯಾನನ್ನೂ ಆರಿಸಿದ್ದೆ.

ಒಳಗೆ ಯಾವ ಭಾಗವೂ ಮುರಿದಿರಲಿಲ್ಲ. ಇದ್ದದ್ದು ಬರೀ ಕೊಳೆ. ಹಳೆಯ ಎಣ್ಣೆ ಒಣಗಿ, ಹಲಸಿನ ಮೇಣದಂತೆ ಕಂದು ಬಣ್ಣಕ್ಕೆ ತಿರುಗಿ, ಪ್ರತಿಯೊಂದು ಕಲ್ಲಿನ ಗುಳಿಯಲ್ಲೂ ಗಟ್ಟಿಯಾಗಿತ್ತು. ಕೊನೆಯ ಬಾರಿ ಸರ್ವಿಸ್ ಮಾಡಿದವರು ಎಣ್ಣೆಯನ್ನು ಒಗ್ಗರಣೆಗೆ ಹಾಕುವಷ್ಟು ಧಾರಾಳವಾಗಿ ಸುರಿದಿದ್ದರು. ವಾಚಿಗೆ ಬೇಕಾದದ್ದು ಸೂಜಿಯ ತುದಿಯಲ್ಲಿ ನಿಲ್ಲುವ ಹನಿಗಿಂತಲೂ ಕಡಿಮೆ. ಹೆಚ್ಚಾದ ಎಣ್ಣೆ ತಾನಿದ್ದ ಜಾಗದಲ್ಲಿ ನಿಲ್ಲದೆ ಹರಡಿ ಧೂಳನ್ನು ಕರೆಯುತ್ತದೆ.

ಎಲ್ಲವನ್ನೂ ವೈಟ್ ಪೆಟ್ರೋಲಿನಲ್ಲಿ ತೊಳೆದು, ಮೃದುವಾದ ಕುಂಚದಿಂದ ಉಜ್ಜಿ, ಕಲ್ಲುಗಳ ತೂತುಗಳನ್ನು ಚೂಪಾಗಿ ಕೆತ್ತಿದ ಕಡ್ಡಿಯಿಂದ ತಿರುವಿ ತೆಗೆದೆ. ಕಡ್ಡಿಯ ತುದಿ ಕಪ್ಪಾಗುವುದು ನಿಲ್ಲುವವರೆಗೆ ಮತ್ತೆ ಮತ್ತೆ ಕೆತ್ತಿ ತಿರುವಬೇಕು. ಇಲ್ಲಿ ನೆನಪಿಡಬೇಕಾದ ಒಂದು ಸಂಗತಿ ಇದೆ. ಚಕ್ರವನ್ನು ಒಂದೊಂದೇ ಹಲ್ಲಿನಷ್ಟು ಬಿಟ್ಟುಕೊಡುವ ಕವಲುಗೋಲಿನ ಎರಡು ತುದಿಗಳಲ್ಲಿರುವ ಕಲ್ಲುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ. ಪಾಂಡವರಿಗೆ ಮನೆ ಕಟ್ಟಿಸಿದ ಅದೇ ಅರಗು. ಬೆಂಕಿಗೆ ಹೇಗೆ ಕರಗುತ್ತದೋ ಸ್ಪಿರಿಟಿಗೂ ಹಾಗೆಯೇ ಕರಗುವುದರಿಂದ ಆ ಭಾಗಕ್ಕೆ ಸ್ಪಿರಿಟ್ ತಾಗಿಸಬಾರದು, ಪೆಟ್ರೋಲು ಮಾತ್ರ. ಅಂಟು ಇಲ್ಲೂ ಇದೆ, ನಿಜ. ಆದರೆ ಇದು ಬಿಸಿ ಮಾಡಿದರೆ ಬಿಡುವ, ತಣ್ಣಗಾದರೆ ಹಿಡಿಯುವ, ಕಲ್ಲನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಕೂರಿಸಲು ಅವಕಾಶ ಕೊಡುವ ಅಂಟು. ಹಿಂದಿನ ವಾರದ ಗೋಂದನ್ನು ನೆನೆದು ಇದನ್ನು ಬರೆದಿಟ್ಟುಕೊಂಡೆ.

ಎರಡನೆಯ ಭಾನುವಾರ ಅವಾಂತರವಾಯಿತು. ಕೊಕ್ಕೆಯ ಕೆಳಗೆ ಕೂರುವ ತಂತಿಯಂಥ ಸಣ್ಣ ಸ್ಪ್ರಿಂಗು ಚಿಮುಟದಿಂದ ಜಾರಿ, ಪಂಚೆಯ ಅಂಚನ್ನೂ ಹಾರಿ, ಕೆಂಪು ಗಾರೆಯ ನೆಲದ ಮೇಲೆಲ್ಲೋ ಮಾಯವಾಯಿತು. ಎರಡು ಗಂಟೆ ಹುಡುಕಿದ ಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ನೆಲವನ್ನು ಸವರಿದೆ. ಬೀರುವಿನ ಕಾಲಿನ ಬಳಿ ಅದು ಸಿಕ್ಕಿತು. ಸಂತೋಷದಲ್ಲಿ ಅದೇ ಅಯಸ್ಕಾಂತದ ಮೇಲಿಂದ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಎತ್ತಿದ್ದು ದಡ್ಡತನ. ಸ್ಪ್ರಿಂಗೂ ಚಿಮುಟವೂ ಎರಡೂ ಕಾಂತೀಯವಾದವು. ಚಿಮುಟಕ್ಕೆ ಸ್ಕ್ರೂಗಳು ಇರುವೆಗಳಂತೆ ಅಂಟಿಕೊಳ್ಳತೊಡಗಿದವು. ಇದೇ ಚಿಮುಟದಲ್ಲಿ ಹೇರ್‌ಸ್ಪ್ರಿಂಗನ್ನು ಮುಟ್ಟಿದ್ದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿ, ವಾಚು ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡುತ್ತಿತ್ತು.

ಹೀಗಾಗಿ ಎಂ.ಜಿ. ರಸ್ತೆಯ ಹತ್ತಿರದ ಒಂದು ಹಳೆಯ ವಾಚು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು. ಅಂಗಡಿ ಎಂದರೆ ಗೋಡೆಗೆ ಒರಗಿಸಿದ ಒಂದು ಗಾಜಿನ ಪೆಟ್ಟಿಗೆ ಮತ್ತು ಅದರ ಹಿಂದೆ ಒಬ್ಬರು ಕೂರುವಷ್ಟು ಜಾಗ. ಅಲ್ಲಿದ್ದ ಹಿರಿಯರು ನನ್ನ ಚಿಮುಟ, ಸ್ಪ್ರಿಂಗುಗಳನ್ನು ಕಾಂತೀಯತೆ ಕಳೆಯುವ ಒಂದು ನೀಲಿ ಪೆಟ್ಟಿಗೆಯ ಮೇಲಿಟ್ಟು ಗುಂಡಿ ಒತ್ತಿ ಮೇಲಕ್ಕೆ ಎತ್ತಿದರು. ಎರಡು ಸೆಕೆಂಡಿನ ಕೆಲಸ, ಇಪ್ಪತ್ತು ರೂಪಾಯಿ. ಆಮೇಲೆ ನಾನು ತಂದಿದ್ದ ಯಂತ್ರವನ್ನು ನೋಡಿ, ಮುಖ್ಯ ಸ್ಪ್ರಿಂಗನ್ನು ಅದು ಸುತ್ತಿಕೊಂಡು ಕೂರುವ ಡಬ್ಬಿಯಿಂದ ಹೊರತೆಗೆದು ಅಂಗೈ ಮೇಲೆ ಹಾಕಿಕೊಂಡರು. "ಇದು ಸುಸ್ತಾಗಿದೆ ಸ್ವಾಮಿ. ನೋಡಿ, ಬಿಟ್ರೆ ಎಸ್ ಥರ ಹಿಂದಕ್ಕೆ ಬಾಗಬೇಕು, ಇದು ಸುಮ್ಮನೆ ಸುತ್ತಿಕೊಂಡೇ ಬಿದ್ದಿದೆ" ಎಂದರು. ಹೊಸದು ತಮ್ಮಲ್ಲಿ ಮುಗಿದಿದೆ, ಬೇರೆ ಯಂತ್ರದಿಂದ ತೆಗೆದು ಹಾಕಿ ಎಂಬುದು ಅವರ ಸಲಹೆ.

ಬೇರೆ ಯಂತ್ರ ಆನ್‌ಲೈನಿನಲ್ಲಿ ಸಿಕ್ಕಿತು. ತುಮಕೂರಿನವರಿಗೆ ಇದೊಂದು ವಿಚಿತ್ರ ಸ್ಥಿತಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ತೊಡಗಿದ ಎಚ್‌ಎಂಟಿ, 1978ರಲ್ಲಿ ನಮ್ಮೂರಿನಲ್ಲೇ ಕಾರ್ಖಾನೆ ತೆರೆದಿತ್ತು. ಅಪ್ಪನ ಜೊತೆ ಓದಿದವರಲ್ಲೇ ಕೆಲವರು ಅಲ್ಲಿ ಕೆಲಸಕ್ಕಿದ್ದರು. ಈ ಜನತಾ ನಮ್ಮೂರಿನದೇ ಎಂದು ಅಪ್ಪ ವಾದಿಸುತ್ತಾರೆ. ಡಯಲಿನ ಮೇಲೆ ಊರಿನ ಹೆಸರಿಲ್ಲವಾದ್ದರಿಂದ ನಾನು ಎದುರು ವಾದಿಸುವುದಿಲ್ಲ. ವಾಚಿನ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು, ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಅದೇ ಊರಿನ ಮನೆಯೊಂದಕ್ಕೆ ಆ ವಾಚು ಈಗ ಕೊರಿಯರಿನಲ್ಲಿ, ಎಲ್ಲಿಂದಲೋ, "ಬಳಸದ ಹಳೆಯ ದಾಸ್ತಾನು" ಎಂಬ ಹಣೆಪಟ್ಟಿಯೊಂದಿಗೆ, 950 ರೂಪಾಯಿಗೆ ಬಂತು. ಕಡುಕಿತ್ತಳೆ ಬಣ್ಣದ ಡಯಲು. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿತ್ತು. ಬಣ್ಣದ ಕೆಳಗೆ ಹಳೆಯ ಅಂಕಿಗಳ ಉಬ್ಬು ಕಾಣುತ್ತಿತ್ತು. ಒಳಗೆ ಎರಡು ಸ್ಕ್ರೂ ಒಂದು ಜಾತಿ, ಉಳಿದವು ಇನ್ನೊಂದು ಜಾತಿ. ಬೆನ್ನಿನ ಮುಚ್ಚಳದ ಒಳಮೈಯನ್ನು ಮಾತ್ರ ಕನ್ನಡಿಯಂತೆ ಉಜ್ಜಿದ್ದರು. ಯಾರ ಗೀಚೂ ಇರಲಿಲ್ಲ.

ನನಗೆ ಇದರಲ್ಲಿ ಸಿಟ್ಟು ತರಿಸಿದ್ದು ಹಳೆಯ ಭಾಗಗಳನ್ನು ಜೋಡಿಸಿದ್ದಲ್ಲ. ರಿಪೇರಿಯ ಕಸುಬು ನಡೆಯುವುದೇ ಹಾಗೆ. ನಾನೂ ಅದನ್ನೇ ಮಾಡಲು ಹೊರಟಿದ್ದೆ. ಎಷ್ಟೋ ವರ್ಷ ಯಾರದೋ ಕೈಯಲ್ಲಿ ದುಡಿದ ವಾಚನ್ನು, ಯಾರೂ ಮುಟ್ಟದ ವಾಚು ಎಂದು ಮಾರಲು ಅದರ ಬೆನ್ನಿನ ಬರಹವನ್ನು ಒರೆಸಿಹಾಕಿದ್ದು ಸಿಟ್ಟು ತರಿಸಿತು. ಹಳೆಯದು ಬೇಕು ಎಂದು ಕೊಳ್ಳುವ ನಾವೇ ಅದು ಹೊಸದಾಗಿಯೂ ಇರಬೇಕು ಎನ್ನುತ್ತೇವಲ್ಲ, ಮಾರುವವನು ಆ ಎರಡಕ್ಕೂ ಒಪ್ಪುವ ವಸ್ತುವನ್ನು ತಯಾರಿಸಿದ್ದಾನೆ. ಅದರ ಮುಖ್ಯ ಸ್ಪ್ರಿಂಗು ಮಾತ್ರ ಚೆನ್ನಾಗಿತ್ತು.

ಸ್ಪ್ರಿಂಗನ್ನು ಡಬ್ಬಿಯೊಳಗೆ ಕೈಯಿಂದಲೇ ಸುತ್ತಿ ಕೂರಿಸಿದೆ. ಬೆರಳಿನ ಬೆವರು ತುಕ್ಕು ತರುತ್ತದೆಂದು ತೆಳು ರಬ್ಬರಿನ ತೊಡುಗೆ ಹಾಕಿಕೊಂಡಿದ್ದೆ. ಡಬ್ಬಿಗೂ ಕೀಲಿಯ ಭಾಗಕ್ಕೂ ಗಟ್ಟಿ ಗ್ರೀಸು, ಚಕ್ರಗಳ ಅಕ್ಷಗಳಿಗೆ ತೆಳುವಾದ ಎಣ್ಣೆ, ಕವಲುಗೋಲಿನ ಅಕ್ಷಕ್ಕೆ ಏನೂ ಇಲ್ಲ. ಬ್ಯಾಲೆನ್ಸ್ ಚಕ್ರವನ್ನು ಇಳಿಸಿ, ಕೀಲಿಯನ್ನು ನಾಲ್ಕು ಸುತ್ತು ಕೊಟ್ಟು, ಚಕ್ರದ ಅಂಚನ್ನು ಕುಂಚದಿಂದ ಸೋಕಿಸಿದ ತಕ್ಷಣ ಅದು ಓಡತೊಡಗಿತು. ಮೊಬೈಲಿನ ಆ್ಯಪಿನಲ್ಲಿ ಟಿಕ್ ಶಬ್ದವನ್ನು ಅಳೆದೆ: ಡಯಲು ಮೇಲಾಗಿಟ್ಟರೆ ದಿನಕ್ಕೆ 12 ಸೆಕೆಂಡು ಮುಂದೆ, ಕೀಲಿ ಕೆಳಮುಖವಾಗಿಟ್ಟರೆ 18 ಸೆಕೆಂಡು ಹಿಂದೆ. ಈ ವಯಸ್ಸಿನ ಯಂತ್ರಕ್ಕೆ ಇದು ಬಹಳ ಒಳ್ಳೆಯ ನಡೆ. ಗೀರು ಬಿದ್ದು ಮಬ್ಬಾಗಿದ್ದ ಮುಂದಿನ ಗಾಜು ವಾಸ್ತವದಲ್ಲಿ ಅಕ್ರಿಲಿಕ್ ಪ್ಲಾಸ್ಟಿಕ್ ಆದ್ದರಿಂದ, ಹಲ್ಲುಜ್ಜುವ ಪೇಸ್ಟು ಹಚ್ಚಿ ಹತ್ತಿ ಬಟ್ಟೆಯಿಂದ ಕಾಲು ಗಂಟೆ ಉಜ್ಜಿದರೆ ಸಾಕಾಯಿತು.

ಕೆಲಸ ಮುಗಿಯಿತೆಂದು ಅಪ್ಪನ ಕೈಗೆ ಕಟ್ಟಿದೆ. ಮರುದಿನ ಬೆಳಿಗ್ಗೆಗೆ ವಾಚು ನಿಂತಿತ್ತು.

ಕೀಲಿ ಕೊಟ್ಟು ಅಲ್ಲಾಡಿಸಿದರೆ ಓಡುತ್ತದೆ. ಅರ್ಧ ದಿನವೋ ಒಂದು ದಿನವೋ ನಡೆದು ಮತ್ತೆ ನಿಲ್ಲುತ್ತದೆ. ತುಂಬ ಕೀಲಿ ಕೊಟ್ಟರೆ ಒಂದೂವರೆ ದಿನವಾದರೂ ನಡೆಯಬೇಕಿತ್ತು. ಎರಡು ಬಾರಿ ಮತ್ತೆ ಪೂರ್ತಿ ಬಿಚ್ಚಿ ತೊಳೆದೆ. ಪ್ರತಿಯೊಂದು ಹಲ್ಲನ್ನೂ ಭೂತಗನ್ನಡಿಯಲ್ಲಿ ಎಣಿಸಿದೆ. ಡಯಲು ತೆಗೆದು ಬರಿಯ ಯಂತ್ರವನ್ನು ಇಟ್ಟರೆ ನಿಲ್ಲದೆ ಓಡುತ್ತಿತ್ತು. ಅದೇ ಸುಳಿವು ಎಂಬುದು ಆಗ ಹೊಳೆಯಲಿಲ್ಲ. ನಿಂತ ಸಮಯಗಳನ್ನು ಕ್ಯಾಲೆಂಡರಿನ ಅಂಚಿನಲ್ಲಿ, ಅಮ್ಮ ಹಾಲಿನ ಲೆಕ್ಕ ಬರೆಯುವ ಜಾಗದಲ್ಲಿ, ಬರೆಯುತ್ತ ಹೋದೆ: 7.38, 3.16, 9.49, ಮತ್ತೆ 3.16.

ಅದನ್ನು ಬಿಡಿಸಿದ್ದು ಅಮ್ಮ. ನಿಂತ ವಾಚನ್ನು ಬೆಳಿಗ್ಗೆ ಮೊದಲು ನೋಡುತ್ತಿದ್ದವರು ಅವರೇ. "ಪ್ರತಿ ಸಲಾನೂ ಎರಡು ಮುಳ್ಳು ಒಂದರ ಮೇಲೊಂದು ಕೂತಾಗಲೇ ನಿಂತಿರುತ್ತಲ್ಲೋ" ಎಂದರು. ಕಾಗದ ತೆಗೆದು ಲೆಕ್ಕ ಹಾಕಿದೆ. ಹನ್ನೆರಡು ಗಂಟೆಯ ಅವಧಿಯಲ್ಲಿ ದೊಡ್ಡ ಮುಳ್ಳು ಚಿಕ್ಕದನ್ನು ಹನ್ನೊಂದು ಸಲ ದಾಟುತ್ತದೆ, ಸುಮಾರು ಅರವತ್ತೈದೂವರೆ ನಿಮಿಷಕ್ಕೊಮ್ಮೆ: 1.05, 2.11, 3.16, ಹೀಗೆ. ನನ್ನ ನಾಲ್ಕೂ ಅಂಕಿಗಳು ಆ ಪಟ್ಟಿಯಲ್ಲಿದ್ದವು. ಮುಳ್ಳುಗಳನ್ನು ಎತ್ತುವಾಗ ಚಿಕ್ಕ ಮುಳ್ಳಿನ ತುದಿಯನ್ನು ನಾನೇ ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿದ್ದೆ. ಸ್ಪ್ರಿಂಗಿನಲ್ಲಿ ಬಲವಿದ್ದಾಗ ದೊಡ್ಡ ಮುಳ್ಳು ಅದನ್ನು ಉಜ್ಜಿಕೊಂಡೇ ದಾಟುತ್ತಿತ್ತು; ಬಲ ಕುಂದಿದಾಗ ಅಲ್ಲಿಯೇ ಸಿಕ್ಕಿಕೊಳ್ಳುತ್ತಿತ್ತು. ಯಂತ್ರದೊಳಗೆ ಒಂದು ವಾರ ಹುಡುಕಿದ ದೋಷ ಎಲ್ಲರ ಕಣ್ಣೆದುರಿಗೆ, ಡಯಲಿನ ಮೇಲೆ ಇತ್ತು. ತುದಿಯನ್ನು ಚಿಮುಟದಿಂದ ಒಂದು ಸಲ ಒತ್ತಿ, ಮುಳ್ಳುಗಳ ನಡುವೆ ಹಾಳೆಯಷ್ಟು ಸಂದು ಇರುವುದನ್ನು ಪಕ್ಕದಿಂದ ನೋಡಿ ಖಚಿತಪಡಿಸಿಕೊಂಡೆ. ಆಮೇಲೆ ನಿಲ್ಲಲಿಲ್ಲ.

ಅಪ್ಪ ಈಗ ಹಿಂದಿನಂತೆಯೇ ಸ್ನಾನ ಮುಗಿಸಿ, ಆಕಾಶವಾಣಿಯ ಬೆಳಗಿನ ವಾರ್ತೆಗೆ ಮುನ್ನ, ಕಿವಿಯ ಹತ್ತಿರ ಹಿಡಿದು ಕೀಲಿ ಕೊಡುತ್ತಾರೆ. ಎಷ್ಟು ಹೆಜ್ಜೆ ನಡೆದೆ, ಎದೆ ಎಷ್ಟು ಬಾರಿ ಬಡಿಯಿತು ಎಂದು ಈ ವಾಚು ಹೇಳುವುದಿಲ್ಲ. ಸಕ್ಕರೆ ಕಾಯಿಲೆಯವರಾದ ಅವರಿಗೆ ಆ ಹೆಜ್ಜೆಯ ಲೆಕ್ಕದಿಂದ ಉಪಯೋಗವಿತ್ತು ಎಂಬುದನ್ನೂ ಮರೆಮಾಚಲಾರೆ. ಅಮಾನಿಕೆರೆಯ ಸುತ್ತ ನಡೆಯುವಾಗ ಈಗ ಸುತ್ತುಗಳನ್ನು ಬೆರಳಲ್ಲಿ ಎಣಿಸುತ್ತಾರೆ.

ಮುಚ್ಚಳ ಹಾಕುವ ಮುನ್ನ ಅದನ್ನು ಮತ್ತೆ ಆ ಹಿರಿಯರ ಬಳಿ ಒಯ್ದಿದ್ದೆ. ಗೀಚುಗಳನ್ನು ಬೆಳಕಿಗೆ ಹಿಡಿದು ಓದಿದರು. ತಾರೀಕು ಬರೆಯುವುದು, "ನಾನು ಮಾಡಿಕೊಟ್ಟು ಇಷ್ಟು ದಿನವಾಯಿತು" ಎಂದು ಗಿರಾಕಿಗೂ ತನಗೂ ಗೊತ್ತಾಗಲಿ ಎಂದಂತೆ. 417 ತಾರೀಕಲ್ಲ, ಯಾವುದೋ ಅಂಗಡಿಯ ಪುಸ್ತಕದ ನಂಬರು. ಯಾರ ವಾಚು, ಏನು ಕೆಟ್ಟಿತ್ತು, ಎಷ್ಟು ತೆಗೆದುಕೊಂಡೆ ಎಂಬುದೆಲ್ಲ ಆ ಪುಸ್ತಕದಲ್ಲಿ ಇರುತ್ತಿತ್ತು. "ಪುಸ್ತಕ ಯಾವ ರದ್ದಿ ಅಂಗಡಿ ಸೇರಿತೋ" ಎಂದು ನಕ್ಕರು. ನಾನೂ ಒಂದು ಸೂಜಿ ತಂದಿದ್ದೆ. ನನ್ನ ತಾರೀಕನ್ನು ಎಲ್ಲಿ ಹಾಕಲಿ ಎಂದು ಕೇಳಿದೆ. ಅವರು ಮುಚ್ಚಳವನ್ನು ಹಿಂದಕ್ಕೆ ಕೊಟ್ಟು, "ಈಗ್ಲೇ ಬೇಡ ಸ್ವಾಮಿ. ಒಂದು ವರ್ಷ ನಡೀಲಿ. ವಾಪಸ್ ಬರದಿದ್ರೆ ಆಗ ಗೀಚಿ" ಎಂದರು.

ಮುಚ್ಚಳವನ್ನು ಹಾಗೆಯೇ ಒತ್ತಿ ಕೂರಿಸಿದ್ದೇನೆ. ಸೂಜಿ, ಸುಸ್ತಾದ ಹಳೆಯ ಸ್ಪ್ರಿಂಗು, ಕಿತ್ತಳೆ ಡಯಲು ಮೂರೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಕ್ಯಾಲೆಂಡರಿನಲ್ಲಿ ಏಳು ವಾರಗಳ ಅಂಕಿಗಳನ್ನು ಬರೆದಾಗಿದೆ. ನಿನ್ನೆಯದು, 9 ಸೆಕೆಂಡು ಮುಂದೆ.